ತೀರಿತು ಎಂಬ ಒಂದು ಮಾತು

ಆಸ್ಪತ್ರೆಯಲ್ಲಿ ನನ್ನ ಅತ್ತಿಗೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಪೊಲೀಸಮ್ಮ ಎಂದೇ. ಅವರದು ಆಯಾ ಕೆಲಸ. ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಏಳಲಾಗದವರನ್ನು ಎತ್ತಿ ಕೂರಿಸುವುದು. ಅಂಥವರನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಇವರು ಸೊಂಟದ ಮೇಲೆ ಕೈಯಿಟ್ಟು ವಾರ್ಡಿನ ಬಾಗಿಲಲ್ಲಿ ನಿಂತರೆ ಸಾಕು, ರೋಗಿಯ ಸುತ್ತ ಸಂತೆ ನೆರೆಸಿದ್ದ ನೆಂಟರಿಷ್ಟರೆಲ್ಲ ತೆಪ್ಪಗೆ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ದಿಂಬಿನ ಕೆಳಗೆ ಯಾರು ಏನು ಬಚ್ಚಿಟ್ಟಿದ್ದಾರೆ ಎಂಬುದು ಅವರ ಮೂಗಿಗೇ ತಿಳಿಯುತ್ತಿತ್ತು. ಒಬ್ಬ ವಕೀಲರ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು, ಕಾನೂನು ಕೋರ್ಟಲ್ಲಿ ಮಾತಾಡಿ ಎಂದು ಕಳಿಸಿದ್ದರಂತೆ.

ಆಪರೇಷನ್ನಿಗೆ ಹೋಗುವವರ ಮಂಚದ ಕಾಲ ಬದಿಗೆ ಒಂದು ಕೆಂಪು ತಗಡಿನ ಹಲಗೆ ನೇತುಹಾಕುತ್ತಾರೆ. ಅದು ಬಿತ್ತೆಂದರೆ ಬಾಯಿಗೆ ಏನೂ ಇಲ್ಲ, ತೊಟ್ಟು ನೀರೂ ಇಲ್ಲ. ಅದನ್ನು ನೇತುಹಾಕುವುದು ಅತ್ತಿಗೆಯ ಕೆಲಸ. ಅವರಿಗೆ ಓದು ಬರುತ್ತಿರಲಿಲ್ಲ. ಹಲಗೆಯ ಮೇಲೆ ಬರೆದದ್ದು ಏನೆಂದು ಅವರು ಕೇಳಿದವರೂ ಅಲ್ಲ. ಕೆಂಪು ಎಂದರೆ ಕೂಡದು, ಅಷ್ಟೆ. ಆ ಹಲಗೆ ತೂಗುವ ಮಂಚದ ಹತ್ತಿರ ಯಾರಾದರೂ ಲೋಟ ಹಿಡಿದು ಸುಳಿದರೆ ಅವರ ಗ್ರಹಚಾರ ಬಿಡಿಸುತ್ತಿದ್ದರು. ನಮ್ಮಣ್ಣ, ಅಂದರೆ ಅವರ ಗಂಡ, ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಮನೆಯಲ್ಲೂ ಒಂದು ಕೆಂಪು ಹಲಗೆ ಇದೆ, ಅದು ನನ್ನ ಬಾಯಿಗೇ ಕಟ್ಟಿದೆ ಎಂದು ಹೇಳಿಕೊಂಡು ನಗುತ್ತಿದ್ದ.

ಅದೇ ವಾರ್ಡಿಗೆ ಒಂದು ದಿನ ಅವರ ಮಗಳನ್ನು ತಂದು ಮಲಗಿಸಿದರು. ಒಬ್ಬಳೇ ಮಗಳು. ಸ್ಕೂಲಿಗೆ ಹೋಗುವ ಹುಡುಗಿ, ಅರಳು ಹುರಿದಂತೆ ಮಾತು. ನಾನು ಬಟ್ಟೆ ಹೊಲಿಯುವವಳು. ನಾನು ಹೊಲಿದ ಫ್ರಾಕಿಗೆ ಜೇಬು ಇಟ್ಟಿಲ್ಲ ಎಂದು ನನ್ನ ಹತ್ತಿರ ಮಾತು ಬಿಟ್ಟು, ಮತ್ತೆ ಜೇಬು ಹಚ್ಚಿಸಿಕೊಂಡೇ ರಾಜಿಯಾದವಳು. ಹೊಟ್ಟೆನೋವು ಎಂದು ಕರೆದೊಯ್ದರೆ, ಒಳಗೆ ಏನೋ ಒಡೆದಿದೆ, ಕೊಯ್ಯಲೇಬೇಕು ಅಂದರು. ಕೆಂಪು ಹಲಗೆ ಬಿತ್ತು. ನೇತುಹಾಕಿದ್ದು ಅತ್ತಿಗೆಯೇ. ಕೊಯ್ಯುವ ಡಾಕ್ಟರು ಇನ್ನೊಂದು ಆಪರೇಷನ್ನಿನಲ್ಲಿ ಸಿಕ್ಕಿಕೊಂಡಿದ್ದರು. ಈಗ ಬರುತ್ತಾರೆ, ಇನ್ನೇನು ಬರುತ್ತಾರೆ ಎಂದು ಬೆಳಗು ಹೋಗಿ ಮಧ್ಯಾಹ್ನ ಕಳೆಯಿತು. ಹುಡುಗಿಗೆ ಜ್ವರ ಏರಿ ತುಟಿ ಬಿರಿದಿತ್ತು. ನೋವೆಂದು ಅಳುವುದನ್ನು ಬಿಟ್ಟು ನೀರು ನೀರು ಅನ್ನತೊಡಗಿದಳು. ನಾನು ಆ ಮಂಚದ ಪಕ್ಕದಲ್ಲೇ ಇದ್ದೆ.

"ಅಮ್ಮ, ಒಂದೇ ಗುಟುಕು. ನುಂಗಲ್ಲ. ಬಾಯಲ್ಲಿ ಇಟ್ಕೊಂಡು ಉಗೀತೀನಿ," ಅಂದಳು.

"ಆಪರೇಷನ್ ಆಗ್ಲಿ ಪುಟ್ಟಿ, ಒಂದು ಕೊಡ ಕುಡಿಸ್ತೀನಿ," ಅಂದರು ಅತ್ತಿಗೆ. ಅಂದು, ಮುಚ್ಚಳ ಹಾಕಿದ ನೀರಿನ ಜಗ್ಗನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಕಿಟಕಿಯ ಆಚೆ ಬದಿಗೆ ಇಟ್ಟು ಬಂದರು.

ಹುಡುಗಿ ಆಪರೇಷನ್ ಮೇಜಿನಿಂದ ವಾಪಸು ಬರಲಿಲ್ಲ.

ಡಾಕ್ಟರು ಒಳ್ಳೆಯ ಮನುಷ್ಯ. ತಾನೇ ಹೊರಗೆ ಬಂದು, ವಿಷ ಆಗಲೇ ಮೈಗೆಲ್ಲ ಏರಿತ್ತು ಎಂದು ವಿವರಿಸಿ, ಅತ್ತಿಗೆಗೆ ಸಮಾಧಾನವಾಗಲಿ ಎಂದು ಒಂದು ಮಾತು ಸೇರಿಸಿದರು. ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲಮ್ಮ, ನೀರು ಕುಡಿಸಿದ್ದರೂ ಇದೇ ಆಗುತ್ತಿತ್ತು, ಕುಡಿಸದಿದ್ದರೂ ಇದೇ. ಅವರು ಹೊರೆ ಇಳಿಸಲೆಂದು ಹೇಳಿದ ಮಾತು. ಅತ್ತಿಗೆಯ ಕಿವಿಗೆ ಅದರ ಅರ್ಧ ಮಾತ್ರ ಬಿತ್ತು. ಕುಡಿಸಿದ್ದರೂ ಇದೇ ಆಗುತ್ತಿತ್ತು. ಹಾಗಾದರೆ ಕುಡಿಸಬಹುದಿತ್ತು.

ಆಮೇಲೆ ಅವರು ಅನ್ನ ಮುಟ್ಟಲಿಲ್ಲ, ಮಾತು ಆಡಲಿಲ್ಲ. ನಮ್ಮ ಸಭೆಯ ಪಾದ್ರಿಯನ್ನು ನಾವು ಅಯ್ಯನವರು ಅನ್ನುತ್ತೇವೆ. ಅವರು ದಿನಾ ಬಂದು ಗೋಡೆಗೊರಗಿ ಕೂತಿರುತ್ತಿದ್ದರು. ಏನು ಹೇಳಿದರೂ ಅತ್ತಿಗೆ ಮುಖ ಎತ್ತುತ್ತಿರಲಿಲ್ಲ. ಒಂದು ದಿನ ಅಯ್ಯನವರು, ಕರ್ತನಿಗೂ ಶಿಲುಬೆಯ ಮೇಲೆ ದಾಹವಾಗಿತ್ತಮ್ಮ, ದಾಹ ಎಂದು ಬಾಯಿಬಿಟ್ಟು ಹೇಳಿದ್ದಾನೆ, ನಿಮ್ಮ ಮಗುವಿನ ದಾಹ ಅವನಿಗೆ ಗೊತ್ತು ಅಂದರು. ಅತ್ತಿಗೆ ಮೊದಲ ಸಲ ತಲೆ ಎತ್ತಿ, ಅವನೂ ಹಾಗೇ ಹೋದನಾ ಎಂದು ಕೇಳಿದರು. ಅಯ್ಯನವರು ಹೂಂ ಅಂದರು. ಆ ಸಂಜೆ ಅತ್ತಿಗೆ ಗಂಜಿ ಕುಡಿದರು.

ಆ ಒಂದು ಮಾತನ್ನು ಹಿಡಿದುಕೊಂಡೇ ಅವರು ಬದುಕಿದರು. ಬೇರೆ ಯಾವುದನ್ನೂ ಹಿಡಿಯಲಿಲ್ಲ. ಮಗಳು ಒಬ್ಬಳೇ ಹೋಗಿಲ್ಲ, ಬಾಯಾರಿ ಹೋದವನೊಬ್ಬ ಅವಳ ಜೊತೆಗಿದ್ದಾನೆ. ವರ್ಷಕ್ಕೊಮ್ಮೆ ಚರ್ಚಿನಲ್ಲಿ ಶಿಲುಬೆಯ ಭಾಗ ಓದುವ ಶುಕ್ರವಾರ ದಾಹ ಎಂಬ ಶಬ್ದ ಬರುತ್ತಿದ್ದಂತೆಯೇ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಓದು ಮುಗಿಯುವ ತನಕ ಅಂಗಳದ ನಲ್ಲಿಯ ಹತ್ತಿರ ನಿಂತಿರುತ್ತಿದ್ದರು. ಸಭೆಗೆ ಅದು ಅಭ್ಯಾಸವಾಗಿ ಹೋಗಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಆ ಶಬ್ದದ ಮುಂದಿನದು ಅವರ ಕಿವಿಗೆ ಯಾವ ವರ್ಷವೂ ಬೀಳಲಿಲ್ಲ.

ಅಣ್ಣ ಹೋದ ಮೇಲೆ ಅತ್ತಿಗೆ ನನ್ನ ಜೊತೆ ಇರಲು ಬಂದರು. ಮುಂದೆ ಹೊಲಿಗೆ ಅಂಗಡಿ, ಹಿಂದೆ ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ನಾನು ಮದುವೆಯಾಗದವಳು. ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಇಬ್ಬರು ಖಾರದ ಹೆಂಗಸರು ಒಂದೇ ಸೂರಿನಡಿ ಹೇಗಿರುತ್ತಾರೆ ನೋಡೋಣ ಎಂದು ಬೀದಿಯವರು ಕಾದಿದ್ದರು. ನಾವು ಅವರಿಗೆ ನಿರಾಸೆ ಮಾಡಲಿಲ್ಲ, ಬಟ್ಟೆ ಒಣಹಾಕುವ ಹಗ್ಗಕ್ಕೂ ಜಗಳವಾಡಿದೆವು. ಆದರೆ ಒಂದು ದಿನ ಅತ್ತಿಗೆ, ನನಗೆ ಓದೋಕೆ ಕಲಿಸು, ದಾಹ ಅಂತ ಬರೆದಿರೋ ಜಾಗವನ್ನ ನನ್ನ ಕಣ್ಣಲ್ಲೇ ನೋಡ್ಬೇಕು ಅಂದರು.

ಸ್ಲೇಟು ಕೊಳ್ಳಲಿಲ್ಲ. ಕರಿ ಬಟ್ಟೆಯ ತುಂಡಿನ ಮೇಲೆ ದರ್ಜಿಯ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟೆ. ಕೊಡವಿದರೆ ಅಳಿಸಿಹೋಗುತ್ತಿತ್ತು. ತಲೆಕಟ್ಟು ಕೊಂಬು ಅವರಿಗೆ ಬೇಗ ಬಂತು, ಒತ್ತಕ್ಷರ ಮಾತ್ರ ಅವರನ್ನು ಗೋಳು ಹೊಯ್ದುಕೊಂಡಿತು. ಮೇಲೊಂದು ಕೆಳಗೊಂದು ಯಾಕಿರಬೇಕು, ಪಕ್ಕದಲ್ಲಿ ಜಾಗವಿಲ್ಲವೇ ಎಂದು ರೇಗುತ್ತಿದ್ದರು. ಮನೆಯಿಂದ ಹೊರಗೆ ಅವರು ತಾವಾಗಿ ಓದಿದ ಮೊದಲ ಬರಹ ಯಾವುದು ಗೊತ್ತೇ? ಆ ಕೆಂಪು ಹಲಗೆ. ಅವತ್ತು ಕೆಲಸ ಮುಗಿಸಿ ಬಂದವರು ನನ್ನ ಮಿಷನ್ನಿನ ಎದುರು ನಿಂತೇ ಇದ್ದರು.

"ಅದ್ರಲ್ಲಿ ಬಾಯಿಗೆ ಏನೂ ಕೊಡಬೇಡಿ ಅಂತಿದೆ ಕಣೇ. ನಾನು ಇಷ್ಟು ವರ್ಷ ಕೊಡಬಾರದು ಅಂತಿದೆ ಅಂದ್ಕೊಂಡಿದ್ದೆ," ಅಂದರು.

ಎರಡೂ ಒಂದೇ ಅಲ್ಲವೇ ಎಂದು ನನಗೆ ಮೊದಲು ಅನಿಸಿತು, ಆದರೆ ಅಲ್ಲ. ಕೊಡಬಾರದು ಎಂಬುದು ಆಜ್ಞೆ, ಕೊಡಬೇಡಿ ಎಂಬುದು ಯಾರೋ ಕೇಳಿಕೊಂಡ ಹಾಗಿದೆ. ಕೇಳಿಕೊಂಡದ್ದನ್ನು ತಾಯಿಯಾದವಳು ಮೀರಬಹುದಿತ್ತು. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ನನ್ನ ಅಂಗಡಿಯಲ್ಲಿ ಭಾನುವಾರದ ಓದು ಶುರುವಾಗಿತ್ತು. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಕತ್ತರಿಸುವ ಮೇಜಿನ ಸುತ್ತ ನಾಲ್ವರು ಕೂರುತ್ತಿದ್ದೆವು. ನಾನು, ಅತ್ತಿಗೆ, ನಿವೃತ್ತಿಯಾದ ಬಸ್ ಡ್ರೈವರಣ್ಣ, ಪಕ್ಕದ ಅಂಗಡಿಯ ಇಸ್ತ್ರಿಯವನು. ವೇದಪುಸ್ತಕವನ್ನು ಸರದಿಯ ಮೇಲೆ ಓದುವುದು, ಓದಿದವರು ತಮಗೆ ತಿಳಿದದ್ದನ್ನು ಹೇಳುವುದು. ನಮಗೆ ಇದ್ದದ್ದು ಒಂದೇ ನಿಯಮ. ಯಾರೂ ಯಾರಿಗೂ ತಪ್ಪು ಅನ್ನಕೂಡದು, ಬೇಕಾದರೆ ನನಗೆ ಹಾಗೆ ಕಾಣಲಿಲ್ಲ ಅನ್ನಬಹುದು. ಗುಂಡಿ ಹಚ್ಚುವವರು ಗ್ರಂಥ ಬಿಡಿಸಲು ಕೂತಿದ್ದಾರೆ ಎಂದು ಸಭೆಯ ಹಿರಿಯರೊಬ್ಬರು ಕೊಂಕು ನುಡಿದರು. ಹರಿದದ್ದನ್ನು ಹೊಲಿಯುವವರು ತಾನೇ, ಹೆದರಬೇಡಿ ಎಂದೆ. ಬಿರುಗಾಳಿಯಲ್ಲಿ ದೋಣಿಯೊಳಗೆ ಕರ್ತನು ನಿದ್ದೆ ಹೋದ ಕಥೆ ಬಂದಾಗ ಡ್ರೈವರಣ್ಣ, ಅದರಲ್ಲಿ ಪವಾಡವೇನಿದೆ, ಡಬಲ್ ಡ್ಯೂಟಿ ಮಾಡಿದವನು ಎಲ್ಲಿ ಬೇಕಾದರೂ ಮಲಗುತ್ತಾನೆ ಅಂದರು. ನಕ್ಕು ನಕ್ಕು ಸುಸ್ತಾದೆವು. ಅತ್ತಿಗೆಯೂ ನಕ್ಕರು. ಅವರನ್ನು ಅಷ್ಟು ಹಗುರಾಗಿ ನಾನು ನೋಡಿದ್ದು ಆ ಮೇಜಿನ ಬದಿಯಲ್ಲಿ ಮಾತ್ರ.

ಶಿಲುಬೆಯ ಪುಟ ಹತ್ತಿರ ಬರುತ್ತಿದ್ದಂತೆ, ಅದು ನನಗಿರಲಿ ಎಂದು ಅತ್ತಿಗೆ ಮೊದಲೇ ಹೇಳಿಟ್ಟರು. ಆ ಭಾನುವಾರ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ನೆಂಟರ ಮನೆಗೆ ಹೊರಟವರ ಹಾಗೆ ಬಂದು ಕೂತರು. ಬೆರಳಿಟ್ಟು ಓದತೊಡಗಿದರು. ಅವರ ಓದು ಕಲ್ಲು ಮೆಟ್ಟಿಲು ಇಳಿಯುವ ಮುದುಕಿಯ ಹಾಗೆ, ಒಂದು ಕಾಲು ಊರಿದ ಮೇಲೆ ಇನ್ನೊಂದು. ತಾಯಿ ಶಿಲುಬೆಯ ಹತ್ತಿರ ನಿಂತಿದ್ದನ್ನು ಓದಿದರು. ಆಮೇಲೆ ಆ ಶಬ್ದ ಬಂತು. ದಾ, ಹ. ಎದ್ದು ಹೋಗಲಿಲ್ಲ. ಬೆರಳು ಅಲ್ಲೇ ನಿಂತಿತು, ತುಟಿಯ ಅಂಚಿನಲ್ಲಿ ಗುರುತಿನವರನ್ನು ಕಂಡ ನಗೆ ಬಂತು. ಇಷ್ಟು ವರ್ಷ ಕೇಳಿದ್ದನ್ನು ಕೊನೆಗೂ ಕಣ್ಣಾರೆ ಕಂಡರು. ಅಲ್ಲಿಗೆ ನಿಲ್ಲಿಸಿ ಅತ್ತಿಗೆ ಎಂದು ನನಗೆ ಹೇಳಬೇಕೆನಿಸಿತು. ನನಗೆ ಮುಂದಿನದು ಗೊತ್ತಿತ್ತು. ಆದರೆ ಅದು ಅವರಿಗೆ ಹೀಗೆ ತಾಗುತ್ತದೆ ಎಂದು ಗೊತ್ತಿರಲಿಲ್ಲ.

ಬೆರಳು ಮುಂದೆ ಹೋಯಿತು. ಅಲ್ಲಿ ಹುಳಿರಸ ತುಂಬಿದ ಪಾತ್ರೆ ಇತ್ತು. ಸ್ಪಂಜನ್ನು ಅದರಲ್ಲಿ ಅದ್ದಿ, ಕೋಲಿಗೆ ಸಿಕ್ಕಿಸಿ ಅವನ ಬಾಯಿಗೆ ಹಿಡಿದರು. ಅವನು ಕುಡಿದ. ಕುಡಿದು ಒಂದು ಮಾತು ಹೇಳಿದ.

"ತೀ, ರಿ, ತು," ಎಂದು ಓದಿದರು ಅತ್ತಿಗೆ. ಮತ್ತೆ ಕೂಡಿಸಿ, "ತೀರಿತು," ಅಂದರು. ತಲೆ ಎತ್ತದೆ, "ಏನು ತೀರಿತು?" ಎಂದು ಕೇಳಿದರು.

ಡ್ರೈವರಣ್ಣ, ಕೆಲಸ ತೀರಿತು, ಕೊನೇ ಟ್ರಿಪ್ ಮುಗಿಸಿ ಗಾಡಿಯನ್ನು ಡಿಪೋಗೆ ಬಿಟ್ಟ ಹಾಗೆ ಅಂದರು. ಇಸ್ತ್ರಿಯವನು, ಋಣ ತೀರಿತು, ನಮ್ಮೆಲ್ಲರ ಋಣ ಅಂದ. ನಾನು, ಕಷ್ಟ ತೀರಿತು ಎಂದೆ. ನಮ್ಮ ಭಾಷೆಯಲ್ಲಿ ಆ ಒಂದು ಮಾತಿಗೆ ಎಷ್ಟೊಂದು ಬಾಗಿಲು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು.

"ದಾಹ ಅಂದ. ಕೊಟ್ರು. ಕುಡಿದ. ತೀರಿತು ಅಂದ," ಅಂದರು. "ದಾಹ ತೀರಿತು. ಇದ್ರಲ್ಲಿ ಬೇರೆ ಏನಿದೆ?"

ನನಗೆ ಹಾಗೆ ಕಾಣಲಿಲ್ಲ ಎಂಬ ಮಾತು ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಅವರು ಓದಿದ ಹಾಗೆ ಓದಿದರೆ ಅದು ಹಾಗೇ ಇತ್ತು. ಕೊಟ್ಟವರು ಯಾರು ಎಂದು ಅತ್ತಿಗೆ ಕೇಳಿದರು. ಸಿಪಾಯಿಗಳಿರಬೇಕು ಅಂದರು ಡ್ರೈವರಣ್ಣ. ಮೊಳೆ ಹೊಡೆದವರೇ? ಅವರೇ ಇರಬೇಕಮ್ಮ.

"ಹೊಡೆದವರೇ ಕೊಟ್ರು," ಅಂದರು ಅತ್ತಿಗೆ. "ನಾನು ಹೆತ್ತವಳು."

ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟು ಒಳಗೆ ಹೋದರು. ಇಸ್ತ್ರಿಯವನು ಶಟರ್ ಎತ್ತಿದ. ಬೀದಿಯ ಬೆಳಕು ಒಳಗೆ ಬಂತು, ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಅವರು ಅಯ್ಯನವರ ಮನೆಗೆ ಹೊರಟರು, ನಾನೂ ಜೊತೆಗೆ ಹೋದೆ. ಅಯ್ಯನವರಿಗೆ ವಯಸ್ಸಾಗಿತ್ತು. ಅತ್ತಿಗೆ ಕೇಳಿದ್ದನ್ನೆಲ್ಲ ಕೇಳಿ, ಮೂಲ ಭಾಷೆಯಲ್ಲಿ ಆ ಮಾತಿಗೆ ಪೂರ್ತಿಯಾಯಿತು ಎಂಬ ಅರ್ಥ, ಬಂದ ಕೆಲಸವನ್ನು ಕೊನೆಮುಟ್ಟಿಸಿದ ಎಂದು ತಾಳ್ಮೆಯಿಂದ ತಿಳಿಸಿದರು. ಅದು ಸರಿಯೇ ಇರಬೇಕು. ಓದಿದವರು, ಸುಳ್ಳು ಹೇಳುವ ಮನುಷ್ಯರಲ್ಲ. ಅತ್ತಿಗೆ ತಲೆಯಾಡಿಸಿದರು. ಆದರೆ ಕುಡಿದದ್ದು ನಿಜ ತಾನೇ ಎಂದು ಕೇಳಿದರು. ನಿಜ ಎಂದರು ಅಯ್ಯನವರು.

"ಹಾಗಾದ್ರೆ ನನ್ನ ಮಗಳ ಹಾಗೆ ಹೋಗ್ಲಿಲ್ಲ ಅವನು."

"ಆವತ್ತು ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆನಮ್ಮ. ನಿಮ್ಮ ಮುಖ ನೋಡಿ ಮುಂದಕ್ಕೆ ಹೋಗೋಕೆ ಆಗ್ಲಿಲ್ಲ," ಅಂದರು ಅಯ್ಯನವರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಬಂದಿದ್ದ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅತ್ತಿಗೆ ಅವರ ಕಾಲ ಬಳಿ ಬಿದ್ದಿದ್ದ ಶಾಲನ್ನು ಎತ್ತಿ ಹೆಗಲಿಗೆ ಹೊದಿಸಿ, ಬರ್ತೀವಿ ಎಂದು ಎದ್ದರು. ದಾರಿಯಲ್ಲಿ ಒಂದೇ ಮಾತು ಆಡಿದರು: ನನಗೆ ಓದು ಬಾರದೇ ಇದ್ದಿದ್ದರೆ ನನ್ನ ಮಗಳಿಗೆ ಜೊತೆಯಾದರೂ ಇರುತ್ತಿತ್ತು.

ಮುಂದಿನ ಭಾನುವಾರ ಅವರು ಮೇಜಿಗೆ ಬರಲಿಲ್ಲ. ನಾವು ಮೂವರು ಮುಂದಿನ ಪುಟ ಓದಿದೆವು. ಬರಿದಾದ ಸಮಾಧಿಯಲ್ಲಿ ತಲೆಯ ವಸ್ತ್ರ ಸುತ್ತಿ ಬೇರೆಯಾಗಿ ಇಟ್ಟಿತ್ತು ಎಂಬ ಸಾಲು ಬಂತು. ಬೇರೆ ದಿನವಾಗಿದ್ದರೆ ಇಸ್ತ್ರಿಯವನು, ಎದ್ದು ಹೋಗುವ ಅವಸರದಲ್ಲೂ ಬಟ್ಟೆ ಮಡಚಿಟ್ಟಿದ್ದಾನೆ ನೋಡಿ ಎಂದು ಮೇಜು ಕುಟ್ಟುತ್ತಿದ್ದ. ಆ ದಿನ ಅದನ್ನೇ ಮೆಲ್ಲಗೆ ಹೇಳಿ, ಒಳಗಿನ ಬಾಗಿಲ ಕಡೆ ನೋಡಿದ.

ಅತ್ತಿಗೆ ಚರ್ಚು ಬಿಡಲಿಲ್ಲ. ಶುಕ್ರವಾರದ ಓದಿನಲ್ಲಿ ನಲ್ಲಿಯ ಹತ್ತಿರ ಹೋಗುವುದನ್ನು ಬಿಟ್ಟರು, ಕೊನೆಯವರೆಗೆ ಕೂತಿರುತ್ತಿದ್ದರು, ಅಷ್ಟೆ. ಆಸ್ಪತ್ರೆಯಲ್ಲಿ ಪೊಲೀಸಮ್ಮನ ಗದರು ನಿಂತುಹೋಯಿತು. ನರ್ಸಮ್ಮನವರನ್ನು ಕೇಳಿಕೊಂಡು, ಕೆಂಪು ಹಲಗೆ ಬಿದ್ದವರ ತುಟಿಗೆ ಒದ್ದೆ ಬಟ್ಟೆ ಮುಟ್ಟಿಸುತ್ತಿದ್ದರು. ಅದಕ್ಕೆಂದು ನನ್ನಿಂದ ಮೆತ್ತನೆಯ ಬಿಳಿ ಬಟ್ಟೆಯ ಚೂರುಗಳನ್ನು ಅಂಚು ಹೊಲಿಸಿಕೊಂಡು ಹೋಗುತ್ತಿದ್ದರು. ಅಂಚು ಒರಟಾಗಿದೆ, ತುಟಿಗೆ ತಾಗುತ್ತದೆ ಎಂದು ವಾಪಸು ತಂದದ್ದೂ ಉಂಟು. ನಿವೃತ್ತಿಯಾಗುವ ತನಕ ಇದನ್ನು ಮಾಡಿದರು. ಇದರಿಂದ ಅವರಿಗೆ ಸಮಾಧಾನ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ ಹೌದು ಎಂದು ಹೇಳಲು ನನಗೆ ಬಾಯಿಲ್ಲ.

ಕೊನೆಗೆ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದು, ಇನ್ನು ಮನೆಯಲ್ಲೇ ಇರಲಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟರು. ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ಪಕ್ಕದಲ್ಲಿ ಅವರ ಮಂಚ. ನೀರಿಗೆ ಯಾವ ನಿಷೇಧವೂ ಇರಲಿಲ್ಲ. ಕೇಳಿದಷ್ಟು ಕೊಡಿ, ಬಾಯಿ ಒಣಗದ ಹಾಗೆ ನೋಡಿಕೊಳ್ಳಿ ಎಂದು ನರ್ಸಮ್ಮ ಹೇಳಿಹೋಗಿದ್ದರು. ಗಂಜಿ ಬಿಟ್ಟ ಮೇಲೆ ಅವರು ನೀರನ್ನೂ ಬಿಟ್ಟರು. ಚಮಚ ತುಟಿಗೆ ತಂದರೆ ಬಾಯಿ ಮುಚ್ಚುತ್ತಿದ್ದರು. ನುಂಗಲಾಗದೆ ಅಲ್ಲ, ಬೇಕೆಂದೇ. ನಾನು ಬೈದೆ, ಗೋಗರೆದೆ. ಹೀಗೆ ಹಟ ಹಿಡಿದರೆ ನಾನೇನು ಮಾಡಲಿ ಎಂದು ಚಮಚ ಎಸೆದು ಅತ್ತುಬಿಟ್ಟೆ.

"ನೀನು ನೀರು ಕುಡಿದು ಬಂದ್ಯಾ ಅಮ್ಮ ಅಂತ ಕೇಳ್ತಾಳೆ ಕಣೇ," ಅಂದರು. "ಏನು ಹೇಳ್ಲಿ?"

ನಾನು ಎಸೆದ ಚಮಚ ಎತ್ತಿ ತೊಳೆದಿಟ್ಟೆ.

ಆ ಮಧ್ಯಾಹ್ನ ಮುಂದಿನ ಅಂಗಡಿಯಲ್ಲಿ ಮಿಷನ್ನು ನಿಲ್ಲಿಸಿ ಅವರ ಬಳಿ ಕೂತಿದ್ದೆ. ಓದು ಅಂದರು. ಯಾವುದು ಎಂದು ಕೇಳಬೇಕಾಗಿರಲಿಲ್ಲ. ಪುಸ್ತಕ ತಂದು ತಾಯಿ ನಿಂತ ಜಾಗದಿಂದ ಓದಿದೆ. ದಾಹದ ಮಾತಿಗೆ ಬಂದಾಗ ನನ್ನ ಮನಸ್ಸು ಹೇಳಿತು, ಇಲ್ಲಿಗೆ ಬಿಡು, ಹುಳಿರಸವನ್ನು ಹಾರಿಸಿಬಿಡು, ಅವರ ಜೊತೆಗಾರನನ್ನು ಅವರಿಗೆ ವಾಪಸು ಕೊಟ್ಟು ಕಳಿಸು. ಅಯ್ಯನವರು ಯಾಕೆ ನಿಲ್ಲಿಸಿದ್ದರು ಎಂಬುದು ನನಗೆ ಅರ್ಥವಾದದ್ದು ಆಗ. ನಾನೂ ಪುಟದ ಮೇಲೆ ಕೈಯಿಟ್ಟು ನಿಲ್ಲಿಸಿದೆ.

"ಇರೋದನ್ನ ಓದು," ಅಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡೇ.

ಓದಿದೆ. ಪಾತ್ರೆ, ಸ್ಪಂಜು, ಕೋಲು. ಕುಡಿದದ್ದು. ಆಮೇಲಿನ ಮಾತು. ಅತ್ತಿಗೆಯ ಒಣಗಿದ ನಾಲಿಗೆ ತುಟಿಯ ಮೇಲೆ ಹಾದುಹೋಯಿತು.

"ಅವನ ತಾಯಿ ಅಲ್ಲೇ ನಿಂತಿದ್ಲಲ್ಲ," ಅಂದರು. "ಕುಡಿದಿದ್ದನ್ನ ನೋಡಿರ್ತಾಳೆ."

"ಹೂಂ ಅತ್ತಿಗೆ. ನೋಡಿರ್ತಾಳೆ."

"ಸದ್ಯ," ಅಂದರು. "ಅವಳಿಗೆ ಅಷ್ಟಾದ್ರೂ ಸಿಕ್ತು."

ಹೊಟ್ಟೆಕಿಚ್ಚು ಆ ದನಿಯಲ್ಲಿ ಇರಲಿಲ್ಲ. ಪಕ್ಕದ ಮನೆಯವಳ ಮಗು ಜ್ವರ ಬಿಟ್ಟು ಎದ್ದಿತು ಎಂದು ಕೇಳಿದ ತಾಯಿಯ ದನಿ ಅದು. ನಾನು ಅಳುತ್ತಲೇ, ಅವರ ಬಟ್ಟೆಯ ಚೂರುಗಳಲ್ಲಿ ಒಂದನ್ನು ನೀರಿಗೆ ಅದ್ದಿ ತಂದೆ. ಅವರು ನನ್ನ ಕೈ ಹಿಡಿದು, ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿದರು. ಕೈ ಬಿಡಲಿಲ್ಲ. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಗಲಾಟೆ ಶುರುವಾಗುವ ಹೊತ್ತಿಗೆ ಆ ಹಿಡಿತ ಸಡಿಲವಾಯಿತು.

ಅಂಗಡಿಯ ಹೊರಗೆ ಇಸ್ತ್ರಿಯವನು, ಡ್ರೈವರಣ್ಣ ಕಾಯುತ್ತಿದ್ದರು. ನನ್ನ ಮುಖ ನೋಡಿ ಎದ್ದು ನಿಂತರು. ಇಂಥ ಹೊತ್ತಿನಲ್ಲಿ ನಾವೆಲ್ಲ ಹೇಳುವ ಮಾತು ಒಂದೇ, ತೀರಿಹೋದರು. ಒದ್ದೆ ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

"ಅತ್ತಿಗೆ ಹೋದ್ರು," ಎಂದೆ. ತೀರಿ ಎಂಬುದು ನನ್ನ ಬಾಯಿಂದ ಹೊರಡಲಿಲ್ಲ. ಅವರದು ತೀರಿರಲಿಲ್ಲ.